ಚಿಕ್ಕಪ್ಪ ಹಚ್ಚಿದ ಎಣ್ಣೆ

ಚಿಕ್ಕಪ್ಪನಿಗೆ ಬಿಷಪ್‌ಗಿಂತ ಮೇಲಿನ ಕಾರ್ಡಿನಲ್ ಪದವಿ ಬಂದ ಸುದ್ದಿ ಕೇಳಿ ಅಕ್ಕಪಕ್ಕದವರು "ಸಿಹಿ ಎಲ್ಲಿ?" ಎಂದು ಪೀಡಿಸಿದರು. ಮಿಠಾಯಿ ಮಾಡೋಣವೆಂದು ಒಣಕೊಬ್ಬರಿ ತುರಿಯಲು ಕೂತೆ. ಆ ಎಣ್ಣೆಗಂಪು ಮೂಗಿಗೆ ಬಡಿದದ್ದೇ ತಡ, ತಿಪಟೂರು ದಾಟಿ ನೊಣವಿನಕೆರೆ ದಾರಿಯಲ್ಲಿದ್ದ ನಮ್ಮ ಹಳೇ ಮನೆ ಕಣ್ಣೆದುರು ಬಂತು. ಈಗ ಅದರ ಗೋಡೆಯೂ ಉಳಿದಿಲ್ಲ. ಆಗ ಅಟ್ಟದ ತುಂಬ ತೆಂಗಿನಕಾಯಿ. ತಿಂಗಳುಗಟ್ಟಲೆ ಕೂತು ಚಿಪ್ಪಿನೊಳಗೇ ಕೊಬ್ಬರಿಯಾಗಬೇಕು. ಅಜ್ಜಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಅವಸರ ಎನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಶಿವಪೂಜೆಯ ಮನೆಗಳ ನಡುವೆ ನಮ್ಮವು ಬೆರಳೆಣಿಕೆಯ ಕ್ರೈಸ್ತ ಮನೆಗಳು, ಒಂದು ಪುಟ್ಟ ಚರ್ಚು, ಅದಕ್ಕೊಬ್ಬರು ಪಾದ್ರಿ.

ಅಜ್ಜಿಯ ಕಿರಿಮಗನೇ ಈ ಚಿಕ್ಕಪ್ಪ. ಗುರುದೀಕ್ಷೆಯಾಗಿ ಪಾದ್ರಿಯಾದ ದಿನದಿಂದ ಮನೆಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯಲಿಲ್ಲ. ಅಣ್ಣನಾದ ನಮ್ಮಪ್ಪನೂ ಎದ್ದು ನಿಂತು "ಸ್ವಾಮಿ" ಅನ್ನುತ್ತಿದ್ದ. ಅವರು ಆಡಳಿತದಲ್ಲಿ ಗಟ್ಟಿಗರು. ಶಾಲೆ, ಆಸ್ಪತ್ರೆ, ಪಾದ್ರಿಗಳ ವರ್ಗಾವಣೆ ಯಾವುದನ್ನು ಕೊಟ್ಟರೂ ಸರಿದಾರಿಗೆ ತರುವವರು. ಬಿಷಪ್ ಆಗಿ ಮೊದಲ ಸಲ ಮನೆಗೆ ಬಂದಾಗ ಅಜ್ಜಿ ಮೊಣಕಾಲೂರಿ ಮಗನ ಉಂಗುರಕ್ಕೆ ಮುತ್ತಿಟ್ಟಳು. ನಮ್ಮೂರಿನ ಪಾದ್ರಿಯನ್ನು ಜನ ಹೆಚ್ಚಿದ್ದ, ರಸ್ತೆಯೂ ಇಲ್ಲದ ದೂರದ ಊರಿಗೆ ಕಳಿಸುತ್ತೇನೆಂದು ಅವರು ಹೇಳಿದ್ದೂ ಆವತ್ತೇ. ಬದಲಿಗೆ ಇನ್ನೊಬ್ಬ ಪಾದ್ರಿ ಇಲ್ಲವೆಂದು ಅಪ್ಪ ಗೊಣಗಿದ. "ನಮ್ಮೂರಂತ ಇಟ್ಕೊಂಡ್ರೆ ಅದೆಂಥ ನ್ಯಾಯ? ಹೋಗ್ಲಿ ಬುಡು" ಅಂದಳು ಅಜ್ಜಿ.

ಮರುವರ್ಷ ಅವಳು ಹಾಸಿಗೆ ಹಿಡಿದಳು. ಔಷಧಿ ಬೇಡ, ಗಂಜಿ ಬೇಡ. ಕಣ್ಣು ಮುಚ್ಚುವ ಮುಂಚೆ ಪಾದ್ರಿಯ ಕೈಯಲ್ಲಿ ಹಣೆಗೆ ಪವಿತ್ರ ಎಣ್ಣೆ ಹಚ್ಚಿಸಿಕೊಳ್ಳಬೇಕು, ಅದೊಂದೇ ಆಸೆ. ಬಿಷಪ್ ಮನೆಗೆ ಫೋನು ಮಾಡಲು ಹೊರಟ ಅಪ್ಪನ ಕೈ ಹಿಡಿದು, "ತಾಯಿ ಅಂತ ಹೇಳ್ಬ್ಯಾಡ ಕಣಪ್ಪ. ಊರೋರು ಹೆಂಗ್ ಕೇಳ್ತಾರೋ ಹಂಗೇ ಕೇಳು. ನನ್ನೊಬ್ಳಿಗೇಂತ ಓಡಿ ಬಂದ್ರೆ ಜನ ಆಡ್ಕೊಳಲ್ವಾ?" ಅಂದಳು. ಅಪ್ಪ ಹಾಗೇ ಮಾಡಿದ. ಊರಲ್ಲೊಬ್ಬ ಮುದುಕಿಗೆ ಕೊನೆಗಾಲ, ಯಾರನ್ನಾದರೂ ಕಳಿಸಿ ಎಂದ. ಪಾದ್ರಿ ಇಲ್ಲದ ಊರಿನವರು ಹತ್ತಿರದ ಚರ್ಚಿಗೆ ಹೇಳಬೇಕೆಂದು ಕಚೇರಿಯವರು ವಿನಯದಿಂದಲೇ ತಿಳಿಸಿದರು. ಅದು ಚಿಕ್ಕಪ್ಪನೇ ಮಾಡಿದ ನಿಯಮ. ಹತ್ತಿರದ ಪಾದ್ರಿ ಇನ್ನೊಂದೂರಿನಲ್ಲಿ ಪೂಜೆಗೆ ಹೋಗಿದ್ದರು. ಫೋನು ಬಂದಾಗ ಚಿಕ್ಕಪ್ಪ ಪಕ್ಕದ ಕೋಣೆಯಲ್ಲೇ ಸಭೆ ನಡೆಸುತ್ತಿದ್ದರಂತೆ. ಸಿಟ್ಟು ಯಾರ ಮೇಲೆ ಮಾಡಲಿ? ಅಜ್ಜಿ, ಅಪ್ಪ, ಚಿಕ್ಕಪ್ಪ ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದಿದ್ದರು. ಸಂಜೆಯಾಗುವ ಮೊದಲೇ ಅಜ್ಜಿ ಬಾಗಿಲ ಕಡೆ ನೋಡುತ್ತಲೇ ಹೋಗಿಬಿಟ್ಟಳು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ನಾಲ್ಕಾರು ಪಾದ್ರಿಗಳೊಂದಿಗೆ ಬಂದರು. "ಅವ್ವ ಅಂತ ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರು.

"ಬ್ಯಾಡ ಅಂದಿದ್ದು ಅವ್ವನೇ, ಸ್ವಾಮಿ."

"ಸ್ವಾಮಿ ಅನ್ಬ್ಯಾಡ ಕಣಣ್ಣ, ನಿಂಗೆ ಕೈ ಮುಗೀತೀನಿ" ಅಂದರು ಚಿಕ್ಕಪ್ಪ.

ಆ ಎಣ್ಣೆ ಉಸಿರಿರುವವರಿಗೆ ಮಾತ್ರ. ಸತ್ತವರಿಗೆ ಹಚ್ಚುವ ಹಾಗಿಲ್ಲ. ಪಾದ್ರಿಯಾಗುವ ಹುಡುಗರಿಗೆ ವರ್ಷಾನುಗಟ್ಟಲೆ ಅದನ್ನು ಪಾಠ ಹೇಳಿದವರೇ ಚಿಕ್ಕಪ್ಪ. ಹಾಗಿದ್ದೂ ಚೀಲದಿಂದ ಸಣ್ಣ ಶೀಷೆ ತೆಗೆದು, ಚಾಪೆಯ ಪಕ್ಕ ನೆಲದ ಮೇಲೆ ಕೂತರು. ಜೊತೆಗೆ ಬಂದಿದ್ದ ಪಾದ್ರಿಗಳು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಹೆಬ್ಬೆರಳಿಗೆ ಎಣ್ಣೆ ಅದ್ದಿ ಅಜ್ಜಿಯ ಹಣೆಗೆ ಶಿಲುಬೆ ಬರೆಯುತ್ತ, ಒಂದು ಪ್ರಾರ್ಥನೆಯನ್ನೂ ಹೇಳದೆ, "ಅವ್ವಾ, ನಾನು ಕಣವ್ವಾ, ಬಂದಿವ್ನಿ" ಅಂದರು. ಹಣೆ ತಣ್ಣಗಾಗಿ ಒಂದು ರಾತ್ರಿಯೇ ಕಳೆದಿತ್ತು.