ನೈಟ್ರೋಜನ್ ತುಂಬಿದ ಕಾರಿನ ಮುಂದಿನ ಸೀಟು

ಅಫಜಲಪುರದಿಂದ ಮಣ್ಣೂರಿನ ಹೈಸ್ಕೂಲಿಗೆ ತಾನೇ ಕಾರು ಓಡಿಸಿಕೊಂಡು ಹೋದ ಮೊದಲ ಶಿಕ್ಷಕಿ ಭಾಗ್ಯಜ್ಯೋತಿ. ಜೇವರ್ಗಿಯ ತೊಗರಿ ವ್ಯಾಪಾರಿಯ ಮಗಳು, ಕಲಿಸುವುದು ವಿಜ್ಞಾನ, ಮಾತು ಖಡಕ್. ಮಣ್ಣೂರಿನ ಹುಡುಗರು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಕಾರ್ ಟೀಚರ್’ ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದವಳಂತೆ ನಡೆದುಹೋಗುವುದರಲ್ಲಿ ಅವಳಿಗೊಂದು ಸುಖವಿತ್ತು.

ಆ ಕಾರಿನ ಮುಂದಿನ ಎಡ ಸೀಟು ಗೌಸಿಯಾಬೇಗಂ ಅವರದು. ಅದೇ ಶಾಲೆಯಲ್ಲಿ ಹಿಂದಿ ಕಲಿಸುವ ಗೌಸಿಯಾಬೇಗಂ ವಯಸ್ಸಿನಲ್ಲಿ ಭಾಗ್ಯಜ್ಯೋತಿಗಿಂತ ಬಹಳ ದೊಡ್ಡವರು, ಅವಳ ಬಾಯಲ್ಲಿ ‘ಆಪಾ’, ಅಕ್ಕ. ಕಾರು ಕಲಿತ ಹೊಸತರಲ್ಲಿ ಗಂಡ ಅಮರನಾಥ ಪಕ್ಕದಲ್ಲಿ ಕುಳಿತು ಪ್ರತಿ ತಿರುವಿಗೂ ಬೈಯುತ್ತಿದ್ದ. ಬೈದಷ್ಟೂ ಅವಳು ತಪ್ಪು ಮಾಡುತ್ತಿದ್ದಳು. ಆಗ ಬಸ್ಸು ಬಿಟ್ಟು ಅವಳ ಪಕ್ಕದಲ್ಲಿ ಬಂದು ಕುಳಿತವರು ಆಪಾ. ಅವರಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದೂ ಗೊತ್ತಿರಲಿಲ್ಲ. ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿ ತುಟಿ ಅಲುಗಿಸಿ, ಅದು ದಾಟಿದ ಮೇಲೆ ಕಣ್ಣು ತೆರೆದು, “ಹಾಂ, ಹೋಯ್ತು. ನಡಿ ಮುಂದ” ಎನ್ನುತ್ತಿದ್ದರು. ಅಷ್ಟೇ. ಆ ಮಾತಿನ ಮೇಲೆಯೇ ಭಾಗ್ಯಜ್ಯೋತಿ ಡ್ರೈವರ್ ಆದಳು.

ಆಮೇಲೆ ವರ್ಷಗಳೇ ಹೋದವು. ಹಿಂದಿನ ಸೀಟಿನಲ್ಲಿ ಯಾರು ಯಾರೋ ಕುಳಿತರು, ಎದ್ದುಹೋದರು. ಮುಂದಿನ ಸೀಟು ಬದಲಾಗಲಿಲ್ಲ. ಅತ್ತೆಯ ಕಾಯಿಲೆ, ಆಪಾನ ಮಗನ ಮದುವೆ, ಅಮರನಾಥನ ಮುಂಗೋಪ, ಆಪಾನ ಸೊಸೆ ಫರಹೀನಳ ಬಾಣಂತನ, ಎಲ್ಲವೂ ಆ ದಾರಿಯಲ್ಲೇ ಮಾತಾಗಿ ಮುಗಿಯುತ್ತಿದ್ದವು. ಮನೆಯಲ್ಲಿ ಆಡದ ಮಾತನ್ನು ಭಾಗ್ಯಜ್ಯೋತಿ ಕಾರಿನಲ್ಲಿ ಆಡುತ್ತಿದ್ದಳು.

ಆ ಜೂನಿನಲ್ಲಿ ಆಳಂದದಿಂದ ವರ್ಗವಾಗಿ ಅಮಿತಾ ಬಂದಳು. ಇಂಗ್ಲಿಷ್ ಶಿಕ್ಷಕಿ, ಇನ್ನೂ ಮೂವತ್ತು ದಾಟದವಳು. ಗಂಡ ನಂದಕಿಶೋರ ಸೊನ್ನದ ಕಡೆ ಕಾಲುವೆ ಕೆಲಸದ ಗುತ್ತಿಗೆ ಹಿಡಿದಿದ್ದರಿಂದ ಅಫಜಲಪುರದಲ್ಲಿ ಮನೆ ಮಾಡಿದ್ದರು. ಅವಳೂ ಕಾರಿನಲ್ಲೇ ಬಂದಳು. ಹೊಚ್ಚ ಹೊಸ ಬಿಳಿ ಕಾರು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಅದರ ಸುತ್ತ ನೆರೆದರು. ಟೈರಿಗೆ ಗಾಳಿ ತುಂಬುವ ಜಾಗದಲ್ಲಿ ಎಲ್ಲ ಕಾರುಗಳಿಗೂ ಕರಿ ಟೋಪಿ ಇದ್ದರೆ ಇದಕ್ಕೆ ಹಸಿರು ಟೋಪಿ ಇತ್ತು.

“ಅದು ನೈಟ್ರೋಜನ್ ಹಾಕ್ಸಿದ ಗುರ್ತು. ವಿಮಾನದ ಟೈರಿಗೂ ಅದೇ ಹಾಕ್ತಾರ” ಎಂದು ಗಣಿತದ ಬೀರಣ್ಣ ಸರ್ ಹುಡುಗರಿಗೆ ಹೇಳಿದರು.

ಭಾಗ್ಯಜ್ಯೋತಿ ತನ್ನ ಕಾರಿನ ಕಡೆ ನೋಡಿದಳು. ಬಾಗಿಲ ಮೇಲೆ ಎತ್ತಿನ ಗಾಡಿ ಗೀಚಿದ ಗೆರೆ ಇತ್ತು. ಅದು ಅಷ್ಟು ಉದ್ದವಿದೆಯೆಂದು ಅವಳಿಗೆ ಅಂದೇ ತಿಳಿದದ್ದು. ಆದರೂ ಅದು ದೊಡ್ಡ ನೋವಲ್ಲ. ಹೊಸ ಕಾರು ಯಾರಾದರೂ ಕೊಳ್ಳುತ್ತಾರೆ.

ನೋವು ಬಂದದ್ದು ಶ್ರಾವಣ ಕಳೆದ ಮೇಲೆ, ಒಂದು ಸೋಮವಾರ. ಎಂದಿನಂತೆ ಆಪಾನ ಓಣಿಯ ಬಾಯಲ್ಲಿ ನಿಂತು ಹಾರ್ನ್ ಹೊಡೆದಳು. ಫರಹೀನ ಹೊರಗೆ ಬಂದಳು.

“ಅತ್ತಿ ಆಗಲೇ ಹೋದ್ರಲ್ಲರಿ ಮೇಡಂ. ಅಮಿತಾ ಮೇಡಂ ಗಾಡಿ ಬಂದಿತ್ತು. ನಿಮಗ ಫೋನ್ ಮಾಡ್ಲಿಲ್ಲೇನ್ರಿ?”

ಮಾಡಿದ್ದರು. ಸ್ನಾನಕ್ಕೆ ಹೋದಾಗ ಬಂದ ಕರೆಯನ್ನು ಭಾಗ್ಯಜ್ಯೋತಿ ನೋಡಿರಲಿಲ್ಲ. ಶಾಲೆಯಲ್ಲಿ ಕೇಳಿದಾಗ ಆಪಾ ಹಾಜರಿ ಪುಸ್ತಕದ ಕಡೆಗೇ ನೋಡುತ್ತ ಹೇಳಿದರು, “ಸೊಂಟ ಹಿಡ್ದದ ಜ್ಯೋತಿ. ಆಕಿ ಗಾಡಿ ಜರಾನೂ ಕುಲುಕಂಗಿಲ್ಲ. ಟೈರಿಗಿ ಅದೇನೋ ನೈಟ್ರೋಜನ್ ಹಾಕ್ಸ್ಯಾರಂತಲ್ಲ. ನಾಕ ದಿನ ಆಕಿ ಸಂಗಾಟ ಬರ್ತೇನಿ.”

ನಾಲ್ಕು ದಿನ ವಾರವಾಯಿತು. ವಾರ ತಿಂಗಳಾಯಿತು. ಭಾಗ್ಯಜ್ಯೋತಿ ಒಬ್ಬಳೇ ಹೋಗುತ್ತಿದ್ದಳು. ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ ಇಟ್ಟರೆ ತಿರುವಿನಲ್ಲಿ ಉರುಳಿ ಬೀಳುತ್ತಿತ್ತು. ಮುಂದೆ ಎಲ್ಲೋ ಆ ಬಿಳಿ ಕಾರಿನಲ್ಲಿ ಇಬ್ಬರೂ ಏನು ಮಾತಾಡುತ್ತಿರಬಹುದು? ತನ್ನ ಬಗ್ಗೆಯೇ? ಅಮರನಾಥನ ಬಗ್ಗೆ ತಾನು ಆಡಿದ ಮಾತುಗಳೆಲ್ಲ ಈಗ ಆ ಹೊಸ ಸೀಟಿನ ಕವರಿನ ಮೇಲೆ ಹರಡಿವೆಯೇ? ಒಂದು ದಿನ ಊಟದ ಹೊತ್ತಿಗೆ ಆಪಾ ತಮ್ಮ ಡಬ್ಬಿಯ ತಾಹರಿ ಅನ್ನವನ್ನು ಮೊದಲು ಅಮಿತಾಳ ತಟ್ಟೆಗೆ ಬಡಿಸಿದರು. ಆಮೇಲೆ ಭಾಗ್ಯಜ್ಯೋತಿಗೂ ಬಡಿಸಿದರು, ಅಷ್ಟೇ ಬಡಿಸಿದರು. ಮೊದಲು ಯಾರಿಗೆ ಎಂಬುದನ್ನು ಮಾತ್ರ ಅವಳು ಲೆಕ್ಕ ಇಟ್ಟುಕೊಂಡಳು.

ಭಾನುವಾರ ಅವಳು ಗೊಬ್ಬೂರ ದಾಟಿ ಕಲಬುರಗಿ ದಾರಿಯ ಪೆಟ್ರೋಲ್ ಪಂಪಿಗೆ ಹೋದಳು. ಹತ್ತಿರದಲ್ಲಿ ನೈಟ್ರೋಜನ್ ಯಂತ್ರ ಇದ್ದದ್ದು ಅಲ್ಲೇ. ಇದ್ದ ಗಾಳಿ ಬಿಡಿಸಿ ನಾಲ್ಕೂ ಟೈರಿಗೆ ತುಂಬಿಸಿದಳು, ಹಸಿರು ಟೋಪಿ ಹಾಕಿಸಿದಳು. ಗಾಳಿಯ ಬಹುಪಾಲು ನೈಟ್ರೋಜನ್ನೇ ಎಂದು ವರ್ಷವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುವವಳು ತಾನೇ ಎಂಬುದು ನೆನಪಿತ್ತು. ನೆನಪಿದ್ದೂ ತುಂಬಿಸಿದಳು. ಮರಳಿ ಬರುವಾಗ ಬೇಕೆಂದೇ ತಗ್ಗುಗಳ ಮೇಲೆ ಓಡಿಸಿ ನೋಡಿದಳು. ಕಾರು ಮೊದಲು ಹೇಗೆ ಕುಲುಕುತ್ತಿತ್ತೋ ಹಾಗೆಯೇ ಕುಲುಕಿತು.

ಸೋಮವಾರ ಬೇಗ ಹೊರಟು ಆಪಾನ ಬಾಗಿಲಿಗೇ ಹೋಗಿ ನಿಂತಳು.

“ಆಪಾ, ನಾನೂ ನೈಟ್ರೋಜನ್ ಹಾಕ್ಸೇನಿ. ಇನ್ನ ಸೊಂಟಕ್ಕ ತ್ರಾಸ ಆಗಂಗಿಲ್ಲ. ಬರ್ರಿ.”

ಆಪಾ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಿದ್ದವರು ತಡೆದು ನಿಂತರು. ಅವರ ಮುಖದಲ್ಲಿ ಸಂಕಟ ಕಂಡಿತು. “ಆಕಿಗಿ ಹೂಂ ಅಂದೇನಿ ಜ್ಯೋತಿ. ನಡುವಿನ್ಯಾಗ ಬಿಡಾಕ ಬರಂಗಿಲ್ಲ.”

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಬಿಳಿ ಕಾರು ಕಾಣಿಸಿತು. ಮದುವೆ ಮೆರವಣಿಗೆಯ ಕುದುರೆಯಂತೆ ನಿಧಾನವಾಗಿ ಬರುತ್ತಿತ್ತು. ಎಷ್ಟು ಸೊಕ್ಕು ಇವಳಿಗೆ ಎಂದುಕೊಂಡು ಭಾಗ್ಯಜ್ಯೋತಿ ತನ್ನ ಕಾರನ್ನು ಹಿಂದಕ್ಕೆ ತೆಗೆದಳು.

ಅಂದಿನಿಂದ ಅವಳ ಹೊಟ್ಟೆಯ ಉರಿಗೆ ಒಂದು ಕೆಲಸ ಸಿಕ್ಕಿತು. ನೈಟ್ರೋಜನ್ ಸುಳ್ಳು ಎಂದು ತೋರಿಸಬೇಕು. ಶಾಲೆಯ ಬೇವಿನ ಮರದಡಿ ಎರಡೂ ಕಾರು ನಿಲ್ಲುತ್ತಿದ್ದವು. ಎಲ್ಲರೂ ತರಗತಿಯಲ್ಲಿದ್ದಾಗ ಅವಳು ಗಾಳಿಯ ಒತ್ತಡ ನೋಡುವ ಅಳತೆ ಕಡ್ಡಿ ಹಿಡಿದು ಹೋಗಿ ಅಮಿತಾಳ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ತನ್ನ ಟೈರಿಗಿಂತ ಆ ಟೈರುಗಳಲ್ಲಿ ಒತ್ತಡ ಹೆಚ್ಚೇ ಇತ್ತು. ಒತ್ತಡ ಹೆಚ್ಚಿದ್ದರೆ ಟೈರು ಗಟ್ಟಿ, ಕುಲುಕಾಟ ಜಾಸ್ತಿ. ಅಂದರೆ ಆಪಾ ಹೇಳಿದ್ದು ಆಗದ ಮಾತು.

ಗೆದ್ದೆ ಎನಿಸಿತು. ಆದರೆ ಸೆರಗಿನಿಂದ ಕೈ ಒರೆಸಿಕೊಂಡು ಮೇಲೆದ್ದಾಗ ಇನ್ನೊಂದು ಯೋಚನೆ ಬಂದು ನಿಂತಿತು. ಟೈರು ಅಲ್ಲದಿದ್ದರೆ ಮತ್ತೇನು? ತನ್ನ ಕಾರಿನಲ್ಲಿ ಇಲ್ಲದ ಯಾವ ಸುಖ ಆ ಕಾರಿನಲ್ಲಿದೆ? ಟೈರಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ಈಗ ಮನುಷ್ಯರ ಮೇಲೆಯೇ ಪಡಬೇಕಾಯಿತು.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದಾಗ ಬೀರಣ್ಣ ಸರ್ ಸ್ಟಾಫ್ ರೂಮಿನಲ್ಲಿ ಕೇಳಿದರು, “ಮೇಡಂ, ನೀವು ವಿಜ್ಞಾನದವ್ರು. ನನ್ನ ಗಾಡಿಗೂ ನೈಟ್ರೋಜನ್ ಹಾಕ್ಸ್ಬೇಕಂತ ಮಾಡೇನಿ. ಏನರೆ ಲಾಭ ಅದ ಏನ್ರಿ?”

ಸರಳ ಪ್ರಶ್ನೆ. ಭಾಗ್ಯಜ್ಯೋತಿ ಕಾಯುತ್ತಿದ್ದದ್ದು ಅದನ್ನೇ.

“ನಾವು ಉಸಿರಾಡೂ ಗಾಳ್ಯಾಗ ನೂರಕ್ಕ ಎಪ್ಪತ್ತೆಂಟು ಪಾಲು ನೈಟ್ರೋಜನ್ನೇ ಅದರಿ ಸರ್. ಉಳಿದದ್ದಕ್ಕ ಯಾಕ ಗೊಬ್ಬೂರ ದಾಟಿ ಹೋಗ್ತೀರಿ? ಜರಾ ನಿಧಾನಕ್ಕ ಇಳೀತದ, ಒಳಗ ನೀರಿನ ಪಸೆ ಇರಂಗಿಲ್ಲ, ಅದು ಖರೆ. ವಿಮಾನಕ್ಕ ಅದು ಬೇಕು. ನಮ್ಮ ಗಾಡಿಗಿ ತಿಂಗಳಿಗೊಮ್ಮಿ ಒತ್ತಡ ನೋಡಿ ಸಾದಾ ಗಾಳಿ ತುಂಬಿಸಿದ್ರ ಸಾಕು. ಮತ್ತ ಕುಲುಕಾಟದ ಮಾತು.” ಇಲ್ಲಿ ಅವಳು ಆಪಾನ ಕಡೆ ತಿರುಗಿದಳು. “ಕುಲುಕಾಟಕ್ಕೂ ನೈಟ್ರೋಜನ್ನಿಗೂ ಸಂಬಂಧನೇ ಇಲ್ಲ. ಅಮಿತಾ ಮೇಡಂ ಟೈರು ನಾನೇ ಅಳ್ದೇನಿ. ನನ್ನವಕ್ಕಿಂತ ಗಟ್ಟಿ ಅವ. ಸೊಂಟ ನೋಯಬೇಕಂದ್ರ ಆ ಗಾಡ್ಯಾಗ ಹೆಚ್ಚು ನೋಯಬೇಕು.”

ಅಮಿತಾ ತಲೆ ತಗ್ಗಿಸಿದಳು. “ನನಗ ಅದೆಲ್ಲ ಗೊತ್ತಿಲ್ಲರಿ. ನಮ್ಮನಿಯವ್ರು ಹಾಕ್ಸ್ಯಾರ” ಎಂದಳು. ಆಪಾ ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ ಕೈ ತೊಳೆಯಲು ಎದ್ದುಹೋದರು. ಬೀರಣ್ಣ ಸರ್ ಮಾತ್ರ, ಹಾಗಾದರೆ ಬೇಡ ಬಿಡಿ ಎಂದು ತಮಗೆ ಬೇಕಾದ ಉತ್ತರ ಪಡೆದುಕೊಂಡು ಪೇಪರ್ ತಿದ್ದಲು ಕುಳಿತರು.

ಆ ಸಂಜೆ ಮನೆಯಲ್ಲಿ ಭಾಗ್ಯಜ್ಯೋತಿ ನಡೆದದ್ದನ್ನೆಲ್ಲ ಜೋರಾಗಿ ಹೇಳಿಕೊಂಡಳು. ಅಮರನಾಥ ರೊಟ್ಟಿ ಮುರಿಯುತ್ತ ಕೇಳಿದ, “ಅಲ್ಲ, ನೀನೂ ಹಾಕ್ಸೀದಿ ಅಂತ ಅವ್ರಿಗಿ ಹೇಳ್ದೇನು?” ಅವನ ತಟ್ಟೆಗೆ ಶೇಂಗಾ ಹಿಂಡಿ ಬೀಳಬೇಕಾದ್ದಕ್ಕಿಂತ ಜೋರಾಗಿ ಬಿತ್ತು.

ಕಬ್ಬಿನ ಸುಗ್ಗಿ ಬಂತು. ರಸ್ತೆ ತುಂಬ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು. ಎರಡೂ ಕಡೆ ಹೊರಚಾಚಿದ ಕಬ್ಬು, ಕಿವಿ ಹರಿಯುವ ಹಾಡು. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ, ಹಳ್ಳದ ಚಿಕ್ಕ ಸೇತುವೆಗೆ ಸ್ವಲ್ಪ ಮೊದಲು ಬಿಳಿ ಕಾರು ರಸ್ತೆಯ ಪಕ್ಕಕ್ಕೆ ನಿಂತದ್ದು ಭಾಗ್ಯಜ್ಯೋತಿಗೆ ಕಂಡಿತು.

ಪಂಕ್ಚರ್. ಮೊದಲು ಹೊಳೆದದ್ದು ಅದೇ. ಎದೆಯೊಳಗೆ ಏನೋ ಹಗುರಾಯಿತು. ವಿಮಾನದ ಟೈರು ಮಣ್ಣೂರ ದಾರಿಯಲ್ಲಿ ಕುಳಿತುಬಿಟ್ಟಿತು. ಕಾರು ನಿಲ್ಲಿಸಿ ಇಳಿದು, ನಗು ಬಾರದಂತೆ ತುಟಿ ಬಿಗಿಹಿಡಿದು, ಆ ಕಾರನ್ನು ಒಂದು ಸುತ್ತು ಹಾಕಿದಳು. ನಾಲ್ಕೂ ಟೈರು ಸರಿಯಾಗಿದ್ದವು.

ಕಿಟಕಿಯ ಬಳಿ ಬಂದಳು. ಒಳಗೆ ಅಮಿತಾ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಬೆರಳುಗಳು ಬಿಳಿಚಿಕೊಂಡಿದ್ದವು. ಪಕ್ಕದಲ್ಲಿ ಆಪಾ ಆ ಕೈಯ ಮೇಲೆ ತಮ್ಮ ಕೈ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಮುಂದೆ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ತೆವಳುತ್ತಿತ್ತು.

“ಏನಾಯ್ತು?” ಎಂದಳು ಭಾಗ್ಯಜ್ಯೋತಿ.

ಅಮಿತಾಳ ಕಣ್ಣು ತುಂಬಿತು. ಆಪಾ ತಡೆದು ತಡೆದು ಹೇಳಿದರು. “ಆಳಂದದಾಗ ಒಮ್ಮಿ ಹಿಂಗೇ ಟ್ರ್ಯಾಕ್ಟರ್ ದಾಟೂ ಮುಂದ ಟ್ರಾಲಿ ಬಡ್ದು ಆಕಿ ಹಳೇ ಗಾಡಿ ಹೊಲಕ್ಕ ಇಳ್ದದ. ಅವಾಗಿಂದ ಅಂಜಿಕಿ ಹೊಕ್ಕದ. ಗಂಡ, ಇನ್ನೊಮ್ಮಿ ಅಂಜಿದ್ರ ಗಾಡಿ ಮಾರ್ತೇನಿ, ಮನ್ಯಾಗ ಕುಂದ್ರು ಅಂದಾನಂತ. ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಕೈ ಹಿಡ್ಕೊಂಡು ಆಣಿ ಹಾಕ್ಸಿದ್ಳು. ಅದಕ್ಕ ಸೊಂಟ ಅಂದೆ. ನೈಟ್ರೋಜನ್ ಅಂದೆ. ನನಗೇನು ಗೊತ್ತಿತ್ತು ನೀ ಅಳೀಲಿಕ್ಕ ಹೋಗ್ತಿ ಅಂತ.”

ಭಾಗ್ಯಜ್ಯೋತಿಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಹಳೆಯ ಉರಿ ಇನ್ನೂ ಇತ್ತು. “ನನಗರೆ ಹೇಳಬಹುದಿತ್ತಲ್ಲ ಆಪಾ. ನಾನು ಕಲಿಸ್ತಿದ್ದೆ.”

“ನೀ ಬೈತಿದ್ದಿ” ಎಂದರು ಆಪಾ. ಮೆಲ್ಲಗೆ ಹೇಳಿದರು, ಆದರೆ ಹಿಂದೆಗೆದುಕೊಳ್ಳಲಿಲ್ಲ. “ಒಳ್ಳೇದಕ್ಕೇ ಬೈತಿದ್ದಿ, ಗೊತ್ತದ. ಆಕಿಗಿ ಅದು ಆಗಿಬರಂಗಿಲ್ಲ. ನಿನಗ ಆಗಿತ್ತೇನು?”

ಭಾಗ್ಯಜ್ಯೋತಿ ರಸ್ತೆಯ ಕಡೆ ನೋಡಿದಳು. ಕಬ್ಬಿನ ಧೂಳು, ಇಳಿಬಿಸಿಲು. ತಾನು ಆ ಸೀಟಿನಲ್ಲಿ ಕುಳಿತರೆ ಕ್ಲಚ್ಚಿನ ಬಗ್ಗೆ, ಗೇರಿನ ಬಗ್ಗೆ, ದೂರದ ಅಂದಾಜಿನ ಬಗ್ಗೆ ಒಂದೇ ಸಮ ಹೇಳುತ್ತಿದ್ದೆ ಎಂಬುದು ಸುಳ್ಳಾಗಿರಲಿಲ್ಲ.

“ಕೆಳಗ ಇಳೀರಿ ಅಮಿತಾ, ನಾನು ಸೇತುವಿ ದಾಟಿಸ್ತೇನಿ” ಎಂದಳು.

“ಬ್ಯಾಡ” ಎಂದರು ಆಪಾ. “ಆಕಿನೇ ದಾಟಿಸ್ಲಿ. ನೀ ಮುಂದ ನಡಿ, ನಿಧಾನಕ್ಕ. ನಿನ್ನ ಹಿಂದ ಬರ್ತೇವಿ.”

ಭಾಗ್ಯಜ್ಯೋತಿ ತನ್ನ ಕಾರಿಗೆ ಬಂದಳು. ಮುಂದೆ ಹೋಗಿ ಸೇತುವೆ ಮುಗಿಯುವವರೆಗೆ ಟ್ರ್ಯಾಕ್ಟರಿನ ಹಿಂದೆಯೇ ಉಳಿದಳು. ರಸ್ತೆ ಅಗಲವಾದ ಮೇಲೆ ಹಾರ್ನ್ ಮಾಡಿ, ಟ್ರ್ಯಾಕ್ಟರಿನವನು ಕೈ ತೋರಿಸಿದ ಮೇಲೆ ದಾಟಿದಳು. ದಾಟಿ, ಎಡಕ್ಕೆ ನಿಧಾನವಾಗಿ ಹಿಡಿದುಕೊಂಡು ಕನ್ನಡಿಯಲ್ಲಿ ನೋಡಿದಳು. ಬಿಳಿ ಕಾರು ಟ್ರಾಲಿಯ ಹಿಂದಿನಿಂದ ಮೂತಿ ಹೊರಹಾಕಿತು. ಒಳಸೇರಿತು. ಮತ್ತೆ ಹೊರಬಂತು. ಕಬ್ಬಿನ ತುದಿಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕಾಣದಾಗಿ, ಆಮೇಲೆ ಪೂರ್ತಿ ಹೊರಗೆ ಬಂದುಬಿಟ್ಟಿತು. ಹತ್ತಿರವಾದಾಗ ಒಳಗಿನ ಮುಖಗಳು ಕಂಡವು. ಆಪಾ ಆಗಷ್ಟೇ ಕಣ್ಣು ತೆರೆದಿದ್ದರು. ಅವರ ತುಟಿ ಅಲುಗಿತು. ಏನು ಹೇಳಿದರೆಂದು ಭಾಗ್ಯಜ್ಯೋತಿಗೆ ಕೇಳಬೇಕಾಗಿರಲಿಲ್ಲ. ಆ ಮಾತು ತನ್ನೊಬ್ಬಳದೇ ಎಂದು ಇಷ್ಟು ವರ್ಷ ನಂಬಿದ್ದಳಲ್ಲ, ಅದು ಅವಳಿಗೆ ಚುಚ್ಚಿತು. ಅಮಿತಾ ನಗುತ್ತಿದ್ದಳು. ಅದನ್ನು ಕಂಡು ಸಂತೋಷವಾಯಿತೆಂದರೆ ಪೂರ್ತಿ ನಿಜವಲ್ಲ.

ಮರುದಿನ ಅವಳು ಸ್ಟಾಫ್ ರೂಮಿನಲ್ಲಿ ಅಮಿತಾಳ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, “ನಿಮ್ಮ ಟೈರು ಮುಟ್ಟಬಾರದಿತ್ತು, ತಪ್ಪಾಯ್ತು” ಎಂದಳು. ಅಮಿತಾ, “ಇರ್ಲಿ ಬಿಡ್ರಿ ಅಕ್ಕಾ” ಎಂದಳು. ಆ ಅಕ್ಕ ಎಂಬ ಮಾತು ಭಾಗ್ಯಜ್ಯೋತಿಗೆ ಒಗ್ಗಲು ಕೆಲವು ದಿನ ಬೇಕಾಯಿತು. ಸುಗ್ಗಿ ಮುಗಿಯುವವರೆಗೆ ಸಂಜೆ ಎರಡೂ ಕಾರು ಹಿಂದೆ ಮುಂದೆಯಾಗಿ ಬರತೊಡಗಿದವು. ಅಂಜಿಕೆಯ ವಿಷಯ ನಂದಕಿಶೋರನ ಕಿವಿಗೆ ಬೀಳಲಿಲ್ಲ.

ಯುಗಾದಿಯ ಹೊತ್ತಿಗೆ ಅಮಿತಾ ಒಬ್ಬಳೇ ಓಡಿಸುವಷ್ಟಾದಳು. ಒಂದು ಬೆಳಗ್ಗೆ ಆಪಾ ತಾವಾಗಿಯೇ ಭಾಗ್ಯಜ್ಯೋತಿಯ ಕಾರಿನ ಬಾಗಿಲು ತೆರೆದು ಕುಳಿತರು. ಆದರೆ ಶನಿವಾರ ಮಾತ್ರ ಅಮಿತಾಳ ಜೊತೆ ಹೋಗುತ್ತೇನೆಂದು ಮೊದಲೇ ಹೇಳಿಬಿಟ್ಟರು. ಅವಳಿಗೂ ಮಾತಾಡಲು ಯಾರಾದರೂ ಬೇಕಲ್ಲ ಎಂದರು. ಭಾಗ್ಯಜ್ಯೋತಿ ಒಪ್ಪಿಕೊಂಡಳು. ಕಾರು ಊರು ದಾಟಿ ತೊಗರಿ ಕಟಾವಾದ ಹೊಲಗಳ ನಡುವೆ ಬಂದ ಮೇಲೆ ಆಪಾ ಕೇಳಿದರು, “ಇನ್ನೂ ಸಿಟ್ಟದ ಏನು ಜ್ಯೋತಿ?”

“ಸಿಟ್ಟಿಲ್ಲ ಆಪಾ. ಹೊಟ್ಟಿಕಿಚ್ಚು.”

ಆಪಾ ಬಹಳ ಹೊತ್ತು ನಕ್ಕರು. “ಇರ್ಲಿ ಬಿಡು. ಶನಿವಾರಕ್ಕ ಅಷ್ಟೇ ಅಲ್ಲೇನು” ಎಂದು ಸೀಟನ್ನು ತಮಗೆ ಬೇಕಾದಷ್ಟು ಹಿಂದಕ್ಕೆ ಸರಿಸಿಕೊಂಡು ಕಾಲು ಚಾಚಿದರು.