ಹೊಂಗೆ ಮರದ ಮೊಳೆಗಳು

ಹನುಮಂತನಗರದಲ್ಲಿ ನಮ್ಮ ಎದುರುಮನೆಯ ಹುಡುಗ ಸೈನ್ಯದಲ್ಲಿದ್ದ. ರಜೆಗೆ ಬಂದ ಮರುದಿನ ಬೆಳಿಗ್ಗೆಯೇ ಕಟಿಂಗ್ ಪ್ಲೇಯರ್ ಹಿಡಿದು ಬೀದಿಗೆ ಇಳಿಯುತ್ತಿದ್ದ. ಟ್ಯೂಷನ್ನು, ಪಿಜಿ, ಬಾಡಿಗೆ ಮನೆ ಎಂದು ಮರಗಳಿಗೆ ಹೊಡೆದ ಬೋರ್ಡುಗಳನ್ನು ಇಳಿಸಿ, ಮೊಳೆಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಡೆದರೆ ಜೇಬು ಗಲಗಲ ಎನ್ನುತ್ತಿತ್ತು. ಬೋರ್ಡಿನವರು ಜಗಳಕ್ಕೆ ಬಂದರೆ ದನಿ ಏರಿಸದೆ, "ಇದೇನ್ ಗೋಡೆನಾ ಗುರು?" ಎಂದು ಕೇಳುತ್ತಿದ್ದ. ಅಷ್ಟಕ್ಕೇ ಅವರು ಬೋರ್ಡು ಎತ್ತಿಕೊಂಡು ಹೋಗುತ್ತಿದ್ದರು.

ಕಳೆದ ಸಲ ಹೊರಡುವಾಗ ಪ್ಲೇಯರನ್ನು ನನ್ನ ಕೈಗಿಟ್ಟ. "ನಾನ್ ಬರೋವರ್ಗೂ ನೀವ್ ನೋಡ್ಕೊಳಿ ಆಂಟಿ" ಎಂದ. ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕೆಲಸ. ಅಲ್ಲಿಯೇ ಗುಂಡಿನ ಕಾಳಗದಲ್ಲಿ ಸತ್ತ. ಇಪ್ಪತ್ತಾರು ವರ್ಷ.

ಸುದ್ದಿ ಬಂದ ಮೂರನೆಯ ದಿನ ನಾಲ್ಕು ಜನ ಶ್ರದ್ಧಾಂಜಲಿಯ ಫ್ಲೆಕ್ಸ್ ತಂದರು. ಮೂಲೆಯಲ್ಲಿ ಅವನ ಪುಟ್ಟ ಫೋಟೊ, ಉಳಿದ ಜಾಗದಲ್ಲೆಲ್ಲ ಕೈಮುಗಿದ ಮುಖಂಡರು. ಅವನ ಮನೆ ಮುಂದಿನ ಹೊಂಗೆ ಮರಕ್ಕೆ ಮೊಳೆ ಇಟ್ಟು ಸುತ್ತಿಗೆ ಎತ್ತಿದರು. ಕಿಟಕಿಯಲ್ಲಿ ಅವನ ತಾಯಿ ನಿಂತಿದ್ದರು. ನಾನು ಪ್ಲೇಯರ್ ಹಿಡಿದು ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತೆ.

"ಸ್ವಲ್ಪ ಸರ್ಕೊಳ್ಳಿ ಮೇಡಂ. ನಿಮ್ ಏರಿಯಾ ಹುಡುಗನಿಗೇ ಗೌರವ ಕೊಡ್ತಿರೋದು" ಎಂದ ಸುತ್ತಿಗೆಯವನು.

ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದವರನ್ನೆಲ್ಲ 'ಸಾರ್' ಎಂದೇ ಕರೆದವಳು ನಾನು. ಅವತ್ತು ಸುತ್ತಿಗೆಯವನ ಮುಖವನ್ನೇ ನೋಡುತ್ತ, ದನಿ ಏರಿಸದೆ ಕೇಳಿದೆ:

"ಇದೇನ್ ಗೋಡೆನಾ ಗುರು?"