ಹತ್ತರ ಫ್ಯಾನು, ಹದಿಮೂರರ ಫ್ಯಾನು

ನಾನು ದೇವದುರ್ಗ ದಾಟಿ ಕೃಷ್ಣೆಯ ದಡಕ್ಕೆ ಹೋದಾಗ, ಬೋಟಿನ ಅಣ್ಣತಮ್ಮಂದಿರಲ್ಲಿ ಕಿರಿಯವನ ಕೆಳತುಟಿ ಆಗಲೇ ಒಡೆದಿತ್ತು. ಅದನ್ನು ಮೊದಲು ಬರೆಯುತ್ತೇನೆ. ಆ ದಿನ ನಾನು ಮೊದಲು ನೋಡಿದ್ದು ಅದನ್ನೇ, ಮತ್ತು ನೋಡಿಯೂ ಏನೂ ಕೇಳಲಿಲ್ಲ. ರಕ್ತ ಒಣಗಿ ಕಪ್ಪಾಗಿತ್ತು. ಅವನು ಬೋಟಿನೊಳಗೆ ನಿಂತ ನೀರನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ಚೆಲ್ಲುತ್ತಿದ್ದ.

ನಾನು ಮಾನ್ವಿಯಲ್ಲಿ ಪಂಪ್‌ಸೆಟ್ಟು, ಜನರೇಟರುಗಳನ್ನು ರಿಪೇರಿ ಮಾಡುವವನು. ಅದಕ್ಕೂ ಮುಂಚೆ ಬೋಟಿನ ಎಂಜಿನ್ ಮುಟ್ಟಿದ್ದು ಎರಡೋ ಮೂರೋ ಸಲ. ಕರೆಸಿದವರು ಅಣ್ಣ ತಮ್ಮ ಇಬ್ಬರು. ಕರಾವಳಿ ಕಡೆಯಿಂದ ಒಂದು ಹಳೆಯ ಮೋಟರ್ ಬೋಟು ತಂದಿದ್ದರು. ಫೈಬರ್ ಮೈ, ಹಿಂಭಾಗದಲ್ಲಿ ತೂಗುಬಿಟ್ಟ ನಲವತ್ತು ಕುದುರೆ ಶಕ್ತಿಯ ಪೆಟ್ರೋಲ್ ಎಂಜಿನ್. ನದಿಯ ನಡುಗಡ್ಡೆಯಲ್ಲಿರುವ ಜನರನ್ನೂ ಅವರ ಚೀಲಗಳನ್ನೂ ಆಚೆ ಈಚೆ ಸಾಗಿಸುವುದು ಅವರ ಕೆಲಸ. ಓಡಿಸುವವನು ತಮ್ಮ. ಯಜಮಾನಿಕೆ ಅಣ್ಣನದು.

“ಸಾಬ್ರ, ಎಂಜಿನ್ ಆಮ್ಯಾಲ ನೋಡ್ರಿ. ಮೊದ್ಲು ಇವನ್ನ ನೋಡ್ರಿ,” ಅಂದ ಅಣ್ಣ. “ನಾ ಒಬ್ಬನ ತಗೊಂಡು ಹೋದ್ರ ಬಾಣ ಹೋದಂಗ ಹೋಗತದ. ಈ ಮಗ ಮಂದೀನ್ನ ಕೂಡಿಸ್ಕೊಂಡು ಹೋದ್ರ ಎಮ್ಮಿ ಮಲಗಿದಂಗ ಮಲಗತದ. ಪೆಟ್ರೋಲ್ ಮಾತ್ರ ಎರಡು ಪಟ್ಟು. ಎಲ್ಲಿ ಮಾರಾಕತ್ಯಾನ ಕೇಳ್ರಿ.”

ತಮ್ಮ ತಲೆ ಎತ್ತಲಿಲ್ಲ. ಅಣ್ಣ ಅವನ ಹಿಂದೆ ಹಾದು ಹೋಗುವಾಗ, ದಾರಿಯಲ್ಲಿ ಸಿಕ್ಕ ಕೊಂಬೆ ಸರಿಸುವಷ್ಟು ಸಹಜವಾಗಿ, ಅವನ ಕುತ್ತಿಗೆಯ ಮೇಲೆ ಅಂಗೈಯಿಂದ ಬಾರಿಸಿದ. ಡಬ್ಬಿ ನೀರಿಗೆ ಬಿತ್ತು. ದಡದ ಮೇಲೆ, ಬೇವಿನ ಗಿಡದ ಕೆಳಗೆ ಅವರ ತಾಯಿ ಕುಳಿತಿದ್ದಳು. “ಅವನ ಮೈಮ್ಯಾಲ ಕೈ ಹಾಕಬ್ಯಾಡೋ, ಯಪ್ಪಾ,” ಅಂದಳು. ಇದನ್ನು ಬಹಳ ಸಲ ಹೇಳಿ ದಣಿದವರ ದನಿ ಅದು.

“ಸಾಬ್ರು ಹೇಳ್ಲಿ ಯವ್ವಾ. ಎಂಜಿನ್ನಾಗ ದೋಷ ಅದ ಅಂದ್ರ ನಾ ತಪ್ಪಾತಂತ ಅಂತೀನಿ. ಎಂಜಿನ್ ಚಲೋ ಅದ ಅಂದ್ರ ಇವತ್ತ ಇವನ ಕೈ ಮುರೀತೀನಿ.”

ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಬಾಯಿಮಾತು ಅಂದುಕೊಂಡೆ.

ಕೆಲಸಕ್ಕೆ ತೊಡಗಿದೆ. ಪ್ಲಗ್ ಬಿಚ್ಚಿ ನೋಡಿದರೆ ಮಸಿ ಕಟ್ಟಿತ್ತು. ಒರೆಸಿ ಕಿಡಿ ನೋಡಿದೆ, ನೀಲಿಯಾಗಿ ಹಾರಿತು. ಫಿಲ್ಟರಿನಲ್ಲಿ ಕಸವಿರಲಿಲ್ಲ. ಸಿಲಿಂಡರುಗಳ ಒತ್ತಡ ಸಮನಾಗಿತ್ತು. ಹಿಡಿಕೆ ಪೂರ್ತಿ ತಿರುಗಿಸಿದಾಗ ಕಾರ್ಬುರೇಟರಿನ ಬಾಯಿ ಪೂರ್ತಿ ತೆರೆಯುತ್ತಿತ್ತು. ಪ್ರತಿಯೊಂದು ಮುಗಿದಾಗಲೂ ಅಣ್ಣ “ಚಲೋ ಅದೇನ್ರಿ?” ಅಂತ ಕೇಳುತ್ತಿದ್ದ, ನಾನು “ಚಲೋ ಅದ” ಅನ್ನುತ್ತಿದ್ದೆ. ಆಗೆಲ್ಲ ಅವನು ತಮ್ಮನ ಕಡೆ ನೋಡುತ್ತಿದ್ದ.

ಜನರೇಟರಿಗೆ ಬಳಸುವ ಸಣ್ಣ ಮೀಟರೊಂದು ನನ್ನ ಬಳಿ ಇತ್ತು. ಅದರ ತಂತಿಯನ್ನು ಪ್ಲಗ್ಗಿನ ವೈರಿಗೆ ಸುತ್ತಿದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುತ್ತದೆ. ಮೊದಲು ಅಣ್ಣ ಮತ್ತು ನಾನು ಇಬ್ಬರೇ ಹೋದೆವು. ಐದು ಸಾವಿರದ ಇನ್ನೂರು. ಬೋಟು ನೀರಿನ ಮೇಲೆದ್ದು ಓಡಿತು. ಆಮೇಲೆ ತಮ್ಮನ ಜೊತೆ ಹತ್ತು ಜನ, ಆರು ಚೀಲ. ಹಿಡಿಕೆ ಪೂರ್ತಿ ತಿರುಗಿಸಿದರೂ ಮೀಟರು ನಾಲ್ಕು ಸಾವಿರದ ನಾನೂರಕ್ಕೆ ನಿಂತಿತು. ಮೂತಿ ಮೇಲೆದ್ದು ಹಿಂಭಾಗ ಮುಳುಗಿತು, ಹಿಂದೆ ಕಪ್ಪು ಹೊಗೆ. ಎಂಜಿನ್ ಏದುಸಿರು ಬಿಡುತ್ತಿತ್ತು.

ಅಕ್ಕಿ ಚೀಲದ ಮೇಲೆ ಕುಳಿತಿದ್ದ ಮುದುಕಿ, “ಇದಕ್ಕಿಂತ ನಮ್ಮ ತೆಪ್ಪ ಚಲೋ ಇತ್ತು ಬಿಡ್ರಿ. ಅದು ಹೊಗೀನಾದ್ರೂ ಉಗುಳತಿದ್ದಿಲ್ಲ,” ಅಂದಳು. ಎಲ್ಲರೂ ನಕ್ಕರು. ತಮ್ಮನೂ ನಗಲು ಹೋದ. ತುಟಿ ಮತ್ತೆ ಒಡೆಯಿತು.

ನಡು ನೀರಿನಲ್ಲಿ, ಆ ನಗು ನಡೆದಿರುವಾಗಲೇ, ನನಗೆ ಗೊತ್ತಾಯಿತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಓಡಿಸುವವನಲ್ಲೂ ಇರಲಿಲ್ಲ. ದೋಷ ಇದ್ದದ್ದು ನೀರೊಳಗೆ ತಿರುಗುವ ಪ್ರೊಪೆಲ್ಲರಿನಲ್ಲಿ. ನಮ್ಮ ಕಡೆ ಅದನ್ನೂ ಫ್ಯಾನು ಅಂತಲೇ ಅನ್ನುತ್ತಾರೆ. ಅದರ ರೆಕ್ಕೆಗಳ ಓರೆ, ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದನ್ನು ನಿರ್ಧರಿಸುತ್ತದೆ. ಕಡಲಲ್ಲಿ ಇಬ್ಬರು ಮೂವರು ಮೋಜಿಗೆ ಹೋಗುವ ಬೋಟಿಗೆ ದೊಡ್ಡ ಹೆಜ್ಜೆಯ ಫ್ಯಾನು ಸರಿ. ಹತ್ತು ಜನ, ಆರು ಚೀಲ ಹೇರಿದಾಗ ಅದೇ ಫ್ಯಾನು ಎಂಜಿನ್ನನ್ನು ತಿರುಗಲು ಬಿಡುವುದಿಲ್ಲ. ತುಂಬಿದ ಟ್ರ್ಯಾಕ್ಟರನ್ನು ದೊಡ್ಡ ಗೇರಿನಲ್ಲಿ ಏರು ಹತ್ತಿಸಿದ ಹಾಗೆ. ಪೆಟ್ರೋಲ್ ಎರಡು ಪಟ್ಟು ಸುಡುವುದೂ ಅದಕ್ಕೇ.

ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ರಾಯಚೂರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರದು ಒಂದು ಕಟ್ಟಪ್ಪಣೆಯಿತ್ತು. ಸರಿಮಾಡಿ, ಓಡಿಸಿ ತೋರಿಸುವವರೆಗೆ ದೋಷ ಯಾವುದೆಂದು ಬಾಯಿ ಬಿಡಬಾರದು. ಮೊದಲೇ ಹೇಳಿದರೆ ಗಿರಾಕಿ ಆ ಮಾತು ಹಿಡಿದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾನೆ. ಹೇಳಿದ್ದು ತಪ್ಪಾದರೆ ಹೆಸರು ಹೋಗುತ್ತದೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಅನ್ನಬಹುದು. ದೋಷವನ್ನು ಮಾತ್ರ ಯಂತ್ರ ಓಡಿದ ಮೇಲೆ ಹೇಳಬೇಕು. ಆ ಅಪ್ಪಣೆಯನ್ನು ನಾನು ಮೂವತ್ತು ವರ್ಷ ಪಾಲಿಸಿದ್ದೆ.

ದಡಕ್ಕೆ ಬಂದು, “ಬೋಟಿನ ಜೋಡಿ ಇನ್ನೊಂದು ಫ್ಯಾನ್ ಬಂದದೇನ್ರಿ?” ಅಂತ ಕೇಳಿದೆ. ಬಂದಿತ್ತು. ಒಣ ಮೆಣಸಿನಕಾಯಿಗೆ ಹೊದಿಸಿದ ತಾಡಪಾಲು ಹಾರದಂತೆ ಅದನ್ನು ಭಾರಕ್ಕೆ ಇಟ್ಟಿದ್ದರು. ಅಣ್ಣ ತಂದು ನನ್ನ ಮೊಣಕಾಲ ಬಳಿ ಹಾಕಿದ. ನೋಡಲು ಎರಡೂ ಒಂದೇ ಥರ: ಅಲ್ಯೂಮಿನಿಯಂ, ಮೂರು ರೆಕ್ಕೆ. ಎಂಜಿನ್ನಿನಲ್ಲಿದ್ದದ್ದರ ನಡುಭಾಗದ ಗ್ರೀಸ್ ಒರೆಸಿದೆ, ಹದಿಮೂರು ಇಂಚು ಎಂಬ ಅಂಕಿ ಕಂಡಿತು. ಭಾರಕ್ಕೆ ಇಟ್ಟದ್ದರ ಮೇಲಿನ ಬಣ್ಣ ಕೆರೆದೆ. ಹತ್ತು. ಒಳಗೊಳಗೇ ಖುಷಿಯಾಯಿತು. ಎಂಜಿನ್ ಮೇಲೆತ್ತಿ ನಟ್ಟು ಸಡಿಲಿಸತೊಡಗಿದೆ.

“ಏನಾಗ್ಯಾದ್ರಿ ಎಂಜಿನ್‌ಗೆ?”

“ಎಂಜಿನ್ ಚಲೋ ಅದ್ರಿ,” ಅಂದೆ. “ಸ್ವಲ್ಪ ತಡೀರಿ, ಆಮ್ಯಾಲ ಹೇಳ್ತೀನಿ.”

ನನ್ನ ಬಾಯಿಂದ ಬಂದದ್ದು ಇಷ್ಟೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಕೇಳ್ದೇನ್ಲೇ?” ಅಂದ ಅಣ್ಣ ತಮ್ಮನಿಗೆ. “ಎಂಜಿನ್ ಚಲೋ ಅದಂತ. ಸಾಬ್ರು ನಿನ್ನ ಮಾರಿ ನೋಡಿ ಸುಮ್ಮನಾದ್ರು. ಎಲ್ಲಿ ಮಾರ್ತೀಲೇ ಪೆಟ್ರೋಲ್?”

“ನೀ ಮಂದಿ ಹೇರ್ಕೊಂಡು ಒಂದ್ಸಲ ಓಡ್ಸು,” ಅಂದ ತಮ್ಮ. ಆ ದಿನ ನಾನು ಕೇಳಿದ ಅವನ ಮೊದಲ ಮಾತು. “ಖಾಲಿ ಬೋಟು ನಮ್ಮವ್ವನೂ ಓಡಸ್ತಾಳ.”

ಬೋಟಿನಿಂದ ಇಳಿದು ನಿಂತಿದ್ದ ಜನ ನಕ್ಕರು. ಮುದುಕಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಣ್ಣ ಬಗ್ಗಿ ನನ್ನ ಮೊಣಕಾಲ ಬಳಿಯಿಂದ ಹತ್ತರ ಫ್ಯಾನು ಎತ್ತಿಕೊಂಡ. ಸ್ಪ್ಯಾನರ್ ಹುಡುಕುತ್ತಿದ್ದಾನೆ ಅಂದುಕೊಂಡೆ. ಮೊದಲ ಏಟು ಭುಜಕ್ಕೆ ಬಿತ್ತು. ಹಸಿ ಬಟ್ಟೆ ಬಂಡೆಗೆ ಒಗೆದ ಸದ್ದು. ತಮ್ಮ ಕೂತ, ಎಡಗೈ ಎತ್ತಿ ತಲೆಗೆ ಅಡ್ಡ ಹಿಡಿದ. ಎಂಜಿನ್ನಿನ ಹಿಡಿಕೆ ಹಿಡಿಯುವ ಕೈ ಅದು. ಎರಡನೆಯದು ಆ ಕೈಮೇಲೆ ಬಿತ್ತು. ಮೂರನೆಯದು ತಪ್ಪಿ ಬಂಡೆಗೆ ಬಡಿದು ಒಂದು ರೆಕ್ಕೆಯ ತುದಿ ಸಿಡಿಯಿತು. ಇಷ್ಟಕ್ಕೆ ಮೂರು ಉಸಿರಿನ ಹೊತ್ತು ಸಾಕಾಯಿತು. ಆಮೇಲೆ ಅವನು ಒದೆಯತೊಡಗಿದ.

“ಫ್ಯಾನಿಂದು ದೋಷ!” ಅಂತ ಕೂಗಿದೆ. “ಅವಂದಲ್ರೀ! ಫ್ಯಾನ್ ತಪ್ಪು ಹಾಕ್ಯಾರ!”

ಒದೆ ನಿಂತಿತು. ಅಣ್ಣ ತನ್ನ ಕೈಯಲ್ಲಿದ್ದದ್ದನ್ನು ನೋಡಿದ. ತಾಯಿ ಬಂದು ತಮ್ಮನ ಕೈಗೆ ಸೆರಗು ಸುತ್ತಿದಳು. ಎರಡು ಬೆರಳು ಇರಬೇಕಾದ ಜಾಗದಲ್ಲಿರಲಿಲ್ಲ. ಚರ್ಮಕ್ಕೆ ಅಂಟಿಕೊಂಡು ನೇತಾಡುತ್ತಿದ್ದವು.

ನನ್ನ ಗಾಡಿಯ ಮೇಲೆ ದೇವದುರ್ಗಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರಿಗೆ. ಬೆರಳು ಉಳಿಯಲಿಲ್ಲ. ಪೊಲೀಸರು ಕೇಳಿದಾಗ ನೋಡಿದ್ದನ್ನೆಲ್ಲ ಹೇಳಿದೆ. ತಮ್ಮ ದೂರಿಗೆ ಸಹಿ ಹಾಕಲು ಒಪ್ಪಲಿಲ್ಲ.

ತುದಿ ಮುರಿದ ಫ್ಯಾನನ್ನು ನಾನೇ ರಾಯಚೂರಿನ ವೆಲ್ಡಿಂಗ್ ಅಂಗಡಿಗೆ ಒಯ್ದು ಸರಿಮಾಡಿಸಿದೆ. ರೆಕ್ಕೆಯ ಸಂದಿಯಲ್ಲಿ ರಕ್ತದ ಕಲೆಯಿತ್ತು, ಪೆಟ್ರೋಲ್ ಹಾಕಿ ತೊಳೆದೆ. ಎರಡು ವಾರ ಬಿಟ್ಟು ಅದನ್ನು ಎಂಜಿನ್ನಿಗೆ ಹಾಕಿ, ಮತ್ತೆ ಹತ್ತು ಜನ, ಆರು ಚೀಲ ಹೇರಿದೆವು. ಹಿಡಿಕೆ ಅಣ್ಣನ ಕೈಯಲ್ಲಿತ್ತು. ಮೀಟರು ಐದು ಸಾವಿರ ದಾಟಿತು. ಹೊಗೆಯಿಲ್ಲ. ಬೋಟು ನೀರಿನ ಮೇಲೆದ್ದು ಓಡಿತು. ಮುದುಕಿ ತನ್ನ ಅಕ್ಕಿ ಚೀಲ ಹಿಡಿದುಕೊಂಡು ಕುಳಿತಿದ್ದಳು.

ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ತಮ್ಮ ನನ್ನ ಪಕ್ಕದಲ್ಲಿ ಕುಳಿತಿದ್ದ. ಗಡ್ಡೆ ಹತ್ತಿರ ಬಂದಾಗ ಕೇಳಿದ:

“ಸಾಬ್ರ, ನಿಮಗ ಯಾವಾಗ ಗೊತ್ತಾತ್ರಿ ಇದು?”

ಫ್ಯಾನು ಬಿಚ್ಚಿದಾಗ ಅನ್ನಬಹುದಿತ್ತು. ನಂಬುತ್ತಿದ್ದ.

“ಅವತ್ತ ನಡು ನೀರಾಗ,” ಅಂದೆ. “ಆ ಮುದುಕಿ ನಗಿಸಿದಾಗ.”

ಅವನು ತಲೆ ಅಲ್ಲಾಡಿಸಿದ. ಬೋಟು ಮರಳಿಗೆ ತಾಗಿತು. ಅಣ್ಣ ಹಿಡಿಕೆ ಬಿಟ್ಟು ಎದ್ದು, “ವಾಪಸ್ ನೀ ಹಿಡಿಯೋ ತಮ್ಮಾ, ಬಲಗೈಲೆ ಬರತದ,” ಅಂದ. ತಮ್ಮ ಅವನನ್ನು ದಾಟಿ ನೀರಿಗಿಳಿದ. ಮುದುಕಿಯ ಅಕ್ಕಿ ಚೀಲವನ್ನು ಬಲ ಹೆಗಲ ಮೇಲೆ ಎಳೆದುಕೊಂಡು ಗಡ್ಡೆಯ ಕಡೆ ನಡೆದ. ನಾವು ಕಾದೆವು. ಅವನು ಬರಲಿಲ್ಲ. ವಾಪಸು ಅಣ್ಣನೇ ಓಡಿಸಿದ. ದಡ ಸೇರಿದ ಮೇಲೆ ನಾನು ಮೀಟರಿನ ತಂತಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.